ಒಂದೇ ತೂತಿನ ಲ್ಯಾಪ್‌ಟಾಪು

"ಇಂಟರ್‌ವ್ಯೂ ನಿಂದು, ತಾಂತ್ರಿಕ ವಿಭಾಗ ಪೂರಾ ನಂದು! ನೀ ಬರೇ ಮಾತಾಡು, ಉಳಿದದ್ದು ನನಗ ಬಿಡು!"

ಚಿತ್ತಾಪುರದ ರಘೂತ್ತಮ ಎದೆಯುಬ್ಬಿಸಿ ಹೆಂಡತಿಗೆ ಅಭಯ ಕೊಟ್ಟ. ಪ್ರಮಿತಾಳಿಗೆ ಸೇಡಂನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಶಿಕ್ಷಕಿಯ ಕೆಲಸಕ್ಕೆ ಆನ್‌ಲೈನ್ ಸಂದರ್ಶನವಿತ್ತು. ಬೇರೆ ಕಡೆಯೆಲ್ಲ ಕೈತಪ್ಪಿತ್ತು. ಇದೂ ಹೋದರೆ ಇನ್ನು ಅರ್ಜಿಯೇ ಹಾಕುವುದಿಲ್ಲ ಎಂದು ಆಕೆ ಹಟ ಹಿಡಿದಿದ್ದಳು.

ಅದಕ್ಕೆಂದೇ ರಘೂತ್ತಮ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಹೊಸದು ತಂದಿದ್ದ. "ಹಳೇದು ಶಹಾಬಾದ ಫರಸಿಕಲ್ಲು ಇದ್ದಂಗಿತ್ತು. ಇದು ನೋಡ್ರಿ, ಹಪ್ಪಳ!" ಎಂದು ಸಂದರ್ಶನದ ದಿನ ಬೆಳಿಗ್ಗೆ ಓಣಿಯ ಮನೆಮನೆಗೂ ಹೊತ್ತು ತೋರಿಸಿದ. ಮೆರವಣಿಗೆ ಮುಗಿಯುವಷ್ಟರಲ್ಲಿ ಬ್ಯಾಟರಿ ತಳ ಕಂಡಿತ್ತು!

ಅದನ್ನು ಚಾರ್ಜಿಗೆ ಹಚ್ಚಿದ ಮೇಲೆ ಪ್ರಮಿತಾ ಕೇಳಿದಳು: "ರೀ, ಪಾಠದ ಚಿತ್ರ ಎಲ್ಲಾ ಪೆನ್‌ಡ್ರೈವ್‌ನ್ಯಾಗ ಅವ. ಇದನ್ನ ಎಲ್ಲಿ ಹಾಕ್ಲಿ?"

ರಘೂತ್ತಮ ಲ್ಯಾಪ್‌ಟಾಪನ್ನು ಮಗುಚಿದ, ತಿರುವಿದ, ಬೆಳಕಿಗೆ ಹಿಡಿದ. ಇದ್ದದ್ದು ಒಂದೇ ತೂತು! ಅದರಲ್ಲಿ ಚಾರ್ಜರ್ ಆಗಲೇ ಠಿಕಾಣಿ ಹೂಡಿತ್ತು.

"ಮತ್ತ ಮೈಕ್?"

"ಅದಕ್ಕೂ ಇದೇ ತೂತು."

"ಇಷ್ಟು ಚಂದ ಲ್ಯಾಪ್‌ಟಾಪಿಗೆ ಕಿವಿ ಚುಚ್ಚಸೋದು ಮರ್ತಾರೇನ್ರಿ?"

ರಘೂತ್ತಮ ಬೈಕಿನಲ್ಲಿ ವಾಡಿಗೆ ಹಾರಿದ. ಬಂದೇಅಲಿಯ ಮೊಬೈಲ್ ಅಂಗಡಿಯಿಂದ, ಒಂದು ತೂತಿಗೆ ಸಿಕ್ಕಿಸಿದರೆ ನಾಲ್ಕು ತೂತು ದಯಪಾಲಿಸುವ ಹಬ್ ಎಂಬ ಡಬ್ಬಿಯನ್ನು ತಂದ. ಆದರೆ ಚಾರ್ಜರ್, ಮೈಕ್, ಪೆನ್‌ಡ್ರೈವ್ ಮೂರೂ ಸೇರಿ ಜಗ್ಗಿದಾಗ ಹಬ್ ಕಳಚಿ ಬೀಳತೊಡಗಿತು. ಬೇರೆ ದಾರಿಯಿಲ್ಲದೆ ತಾಂತ್ರಿಕ ವಿಭಾಗದ ಮುಖ್ಯಸ್ಥರು ಬನಿಯನ್-ಲುಂಗಿಯಲ್ಲೇ ಟೇಬಲ್ಲಿನ ಕೆಳಗೆ ತೂರಿ, ಗೋವರ್ಧನಗಿರಿ ಎತ್ತಿದವರಂತೆ ಅದನ್ನು ಎತ್ತಿ ಹಿಡಿದು ಕುಳಿತರು!

ಸಂದರ್ಶನ ಸೊಗಸಾಗಿ ಸಾಗಿತು. ಪ್ರಮಿತಾ ವೃತ್ತ, ತ್ರಿಜ್ಯ ಎಂದು ಚಿತ್ರ ತೋರಿಸಿ ವಿವರಿಸುತ್ತಿದ್ದಳು. ಅಷ್ಟರಲ್ಲಿ ಟೇಬಲ್ ಬಟ್ಟೆಯ ಜಾಲರಿ ರಘೂತ್ತಮನ ಮೂಗನ್ನು ಸವರಿತು.

"ಆಆ... ಕ್ಷೀ!"

ಹಬ್ ಕಳಚಿ ಫರಸಿಯ ನೆಲದ ಮೇಲೆ ದಬಕ್ಕನೆ ಬಿತ್ತು. ಪರದೆಯ ಮೇಲಿನ ಚಿತ್ರಗಳು ಮಾಯ! ಸಂದರ್ಶನವೇ ಕಡಿದುಹೋಯಿತೆಂದು ಪ್ರಮಿತಾ ತಿಳಿದಳು. ಕಡಿದಿರಲಿಲ್ಲ! ಅಷ್ಟಿಷ್ಟು ಚಾರ್ಜ್ ಆಗಿದ್ದ ಬ್ಯಾಟರಿಯ ಮೇಲೆ ಕ್ಯಾಮೆರಾ ನಡೆದೇ ಇತ್ತು. ಹೊರಗಿನ ಮೈಕ್ ಕಳಚಿದೊಡನೆ ಲ್ಯಾಪ್‌ಟಾಪಿನ ಒಳಗಿನ ಮೈಕ್ ತಾನಾಗಿ ಎದ್ದು ಕೂತಿತ್ತು.

"ಹೊರಗ ಬರ್ರಿ," ಎಂದಳು ಪ್ರಮಿತಾ. ಕೂಗಲಿಲ್ಲ. ಅದೇ ಹೆಚ್ಚು ಭಯಂಕರವಾಗಿತ್ತು!

ರಘೂತ್ತಮ ವಯರ್ ಹಿಡಿದುಕೊಂಡೇ ಅಂಬೆಗಾಲಿಟ್ಟು ಹೊರಬಂದ. "ಅದು, ಸೀನು..."

"ಮಾತು ಬ್ಯಾಡ. ವಯರ್ ಕೆಳಗಿಡ್ರಿ. ಗ್ವಾಡಿ ಕಡೆ ಮಾರಿ ಮಾಡಿ ನಿಂದ್ರಿ. ಬಾಯಿ ಮ್ಯಾಲ ಬೆರಳು!"

ಆತ ಎಲ್ಲವನ್ನೂ ಹೇಳಿದ ಕ್ರಮದಲ್ಲೇ ಮಾಡಿದ. ಆಗ ಲ್ಯಾಪ್‌ಟಾಪಿನೊಳಗಿಂದ ಯಾರೋ ಕೆಮ್ಮಿದರು. ಪ್ರಮಿತಾ ಥಟ್ಟನೆ ಪರದೆಯತ್ತ ತಿರುಗಿದಳು. ನೌಕರಿ ಹೋಯಿತು!

"ಮೇಡಂ," ಎಂದರು ಹೆಡ್‌ಮಾಸ್ತರು, ನಗು ತಡೆಯುತ್ತ. "ಒಂಬತ್ತನೇ ಕ್ಲಾಸಿನ ಉಡಾಳ ಹುಡುಗ್ರನ್ನ ಹ್ಯಾಂಗ ಸಂಭಾಳಿಸ್ತೀರಿ ಅಂತ ಕೇಳೋದೊಂದು ಬಾಕಿ ಇತ್ತು. ಈಗ ಕೇಳೋ ಜರೂರತ್ತೇ ಇಲ್ಲ. ಸೋಮವಾರ ಬಂದು ಸೇರ್ಕೊಳ್ರಿ!"

ಪ್ರಮಿತಾ ಸೆರಗಿನಿಂದ ಮುಖ ಒರೆಸಿಕೊಂಡು ಉಸ್ಸೆಂದಳು. ಗೋಡೆಯ ಕಡೆಯಿಂದಲೂ ಒಂದು ಉದ್ದನೆಯ ನಿಟ್ಟುಸಿರು ಕೇಳಿಸಿತು.

"ಮತ್ತ ಮೇಡಂ, ಹಿಂದ ನಿಂತವ್ರಿಗೂ ಕುಂದ್ರಲಿಕ್ಕ ಹೇಳ್ರಿ. ಪಾಪ!"

ರಘೂತ್ತಮ ಬಾಯಿಯ ಮೇಲಿನ ಬೆರಳು ತೆಗೆಯದೆ ಹೆಂಡತಿಯತ್ತ ತಿರುಗಿ ನೋಡಿದ. ಆಕೆ "ಹೂಂ" ಅಂದ ಮೇಲೆಯೇ ಕುಳಿತ.