ಹಗೇವಿನ ಬಾಯಿ

ತುಂಗಭದ್ರೆಯ ಕಾಲುವೆ ನೀರು ಗೊರೇಬಾಳಕ್ಕೆ ಬಂದ ಮರುವರ್ಷ, ಮಳೆಗಾಲ ಕಳೆದು ನೆಲದ ಹಗೇವಿನಿಂದ ಜೋಳ ತೆಗೆದದ್ದೇ, ಆದೆಪ್ಪನ ಮನೆಯ ರೊಟ್ಟಿ ನಾರತೊಡಗಿತು.

ಅವನ ಅಪ್ಪ ಅಮರಗುಂಡಪ್ಪ ಒಂದು ತುಣುಕು ಮುರಿದು ಮೂಸಿ, ಕೆಕ್ಕರಿಸಿ ಮೊಮ್ಮಗನನ್ನು ನೋಡಿದ.

"ಹಿತ್ತಲದಾಗ ನೆಲ್ಲು ಹಚ್ಚಿ ನೀರು ನಿಲ್ಲಿಸ್ಯಾನ ಈ ಶಾಣ್ಯಾ. ಅದು ಹಗೇವಿಗೆ ಇಳದೈತಿ. ಜೋಳ ಕೊಳೀದ ಏನು ಮಾಡ್ತೈತಿ?"

ಮೊಮ್ಮಗ ಚೆನ್ನಬಸವ ಬಿಡುವವನಲ್ಲ. "ತಾತ, ಹಗೇವು ತಗ್ಗಿನ್ಯಾಗ ತೋಡಿಸಿದಾವ್ರು ಯಾರು? ನಾನಾ?"

ನಡುವೆ ಕೂತ ಆದೆಪ್ಪನಿಗೆ ಬೆರಗಾಯಿತು. ಮೊನ್ನೆಯವರೆಗೂ ಮನೆಯಲ್ಲಿ ಏನು ಕೆಟ್ಟರೂ 'ಈಗಿನ ಹುಡುಗ್ರು' ಎಂದು ಅಪ್ಪ ಬೈಯುತ್ತಿದ್ದದ್ದು ಅವನನ್ನೇ. ಮಗನಿಗೆ ಮೀಸೆ ಬಂದದ್ದೇ ತಡ, 'ಹಳೇ ಮಂದಿ' ಎಂಬ ಬೈಗುಳವೂ ಅವನ ಪಾಲಿಗೇ ಬಂತು. (ನಡುವೆ ಬುದ್ಧಿವಂತನೆನಿಸಿಕೊಳ್ಳುವ ವಯಸ್ಸೊಂದು ಬಂದಿರಲೇಬೇಕು. ಆಗ ಅವನು ಮಲಗಿದ್ದಿರಬೇಕು.) ಇದೇ ಮೊದಲ ಸಲ ಅವನ ತಪ್ಪಿಲ್ಲದ ಜಗಳ! ಯಾರದಿದ್ದೀತು ಎಂಬ ಕುತೂಹಲದಲ್ಲಿ ಹಸಿವೇ ಮರೆತುಹೋಯಿತು.

ಅಷ್ಟರಲ್ಲಿ ಚೆನ್ನಬಸವ, "ನಮ್ಮ ಒಲಿ ಬ್ಯಾರೆ ಮಾಡಿಬಿಡ್ರಿ" ಎಂದ. ಒಲೆಯ ಮುಂದಿದ್ದ ಆದೆಪ್ಪನ ಹೆಂಡತಿ ಗುರುಲಿಂಗಮ್ಮನ ಕೈಯಲ್ಲಿ ರೊಟ್ಟಿ ಅಲ್ಲೇ ನಿಂತಿತು.

"ತಡೀರಿ," ಎಂದು ಎದ್ದ ಆದೆಪ್ಪ. "ನಾನಾ ಇಳಿದು ನೋಡ್ತೀನಿ. ಗದ್ದಿ ಕಡೆ ಗ್ವಾಡಿ ಹಸಿ ಇದ್ರ ಹುಡುಗಂದು ತಪ್ಪು. ತಳ ಹಸಿ ಇದ್ರ ಯಪ್ಪಂದು."

ಅಂಗಳದ ನೆಲದೊಳಗೆ ಜೋಳ ತುಂಬಿಡುವ ಆ ಹಗೇವಿನ ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದವರೆಗೆ ಬಿಟ್ಟರು. ಕಂದೀಲು ಇಳಿಬಿಟ್ಟು, ದೀಪ ಆರುವುದಿಲ್ಲವೆಂದು ಖಾತ್ರಿಯಾದ ಮೇಲೆ ಘನ ನ್ಯಾಯಾಧೀಶರು ಹಗ್ಗ ಹಿಡಿದು ಪಾತಾಳಕ್ಕೆ ಬಿಜಯಂಗೈದರು.

ಗದ್ದೆ ಕಡೆಯ ಗೋಡೆ ಮುಟ್ಟಿದ. ಒಣಗಿತ್ತು. ಜೋಳ ಕೆದರಿ ತಳ ಮುಟ್ಟಿದ. ಅದೂ ಒಣಗಿತ್ತು. ಇದೇನು ಮಾಯೆ ಎಂದು ಕಂದೀಲು ಎತ್ತಿದರೆ, ಹಗೇವಿನ ಬಾಯಿಯ ಕೆಳಗೆ ಮಾತ್ರ ಜೋಳ ಕಪ್ಪಾಗಿ ಮುದ್ದೆಗಟ್ಟಿತ್ತು. ಮಳೆನೀರು ಮೇಲಿನಿಂದಲೇ ಬಿದ್ದಿದೆ.

ಆದೆಪ್ಪ ಕಂದೀಲು ಕೆಳಗಿಳಿಸಿದ. ಮಳೆಗಾಲದ ಮುಂಚೆ ಜೋಳ ತೆಗೆದು ಬಾಯಿ ಮುಚ್ಚಿದವನು ಅವನೇ. ವಳಕಮದಿನ್ನಿ ಊರಿನ ಮದುವೆ ಊಟದ ಅವಸರದಲ್ಲಿ ಬರೀ ಚಪ್ಪಡಿ ಎಳೆದು, ಸಂದಿಗೆ ಮಣ್ಣು ನಾಳೆ ಮೆತ್ತಿದರಾಯಿತು ಎಂದುಕೊಂಡಿದ್ದ.

"ಏನು ಕಂಡ್ಯೋ?" ಮೇಲಿನಿಂದ ಅಪ್ಪನ ದನಿ.

"ಏನೂ ಇಲ್ಲ. ಎಳೀರಿ."

"ಹೇಳೋತನ ಎಳಿಯಾಂಗಿಲ್ಲ," ಎಂದ ಅಪ್ಪ. "ತಾತ ಹೇಳೋದು ಖರೇ," ಎಂದ ಮಗ. (ಇಬ್ಬರೂ ಒಪ್ಪಿದ ಮೊದಲ ಮಾತು.)

"ಬಾಯಿ ಕೆಳಗಷ್ಟ... ಹಸಿ ಐತಿ."

"ಮಳಿಗಾಲದ ಮುಂಚೆ ಬಾಯಿ ಮುಚ್ಚಿದಾವ್ರು ಯಾರಬೇ?" ಚೆನ್ನಬಸವ ಪಕ್ಕದಲ್ಲಿದ್ದ ಅವ್ವನನ್ನು ಕೇಳಿದ.

"ಇನ್ಯಾರು? ಇವ್ರಾ," ಎಂದಳು ಗುರುಲಿಂಗಮ್ಮ.

ಮೇಲೆ ತಾತ ಮೊಮ್ಮಗ ಇಬ್ಬರೂ ಬಿದ್ದು ಬಿದ್ದು ನಕ್ಕರು. "ನಡೀಲೇ, ನಿನ್ನ ನೆಲ್ಲು ಹೆಂಗ ಬಂದೈತಿ ನೋಡೂಣು," ಎಂದು ಮುದುಕ ಮೊಮ್ಮಗನ ಹೆಗಲ ಮೇಲೆ ಕೈಹಾಕಿದ. ಹೆಜ್ಜೆ ಸಪ್ಪಳ ದೂರವಾಯಿತು. ಹಗ್ಗ ಸಡಿಲವಾಗಿ ಆದೆಪ್ಪನ ತಲೆಯ ಮೇಲೆ ಬಿತ್ತು.

"ಲೇ! ಯಪ್ಪಾ! ನಾ ಇಲ್ಲೇ ಅದೀನಿ!"

ಗುರುಲಿಂಗಮ್ಮನ ಮುಖ ಹಗೇವಿನ ಬಾಯಲ್ಲಿ ಕಾಣಿಸಿತು. "ಒದರಬ್ಯಾಡ್ರಿ. ಇಬ್ರೂ ಒಲಿ ಬ್ಯಾರೆ ಮಾಡೋ ಮಾತು ಮರತು ನಕ್ಕೋಂತ ಹೋಗ್ಯಾರ. ಅವ್ರು ಬರೋತನ ಹೊರಗ ಬಂದು ಏನು ಮಾಡ್ತೀರಿ?"

ಹಾಗೆಂದು ಹಗ್ಗದ ಬದಲು ಒಂದು ಬುಟ್ಟಿ ಇಳಿಬಿಟ್ಟಳು. "ಹೆಂಗೂ ಇಳದೀರಿ. ಚಲೋ ಜೋಳ ಆರಿಸಿ ತುಂಬ್ರಿ."