ನಾಲ್ಕು ತಾಲೂಕು ಸುತ್ತಿದ ಕಾರ್ಡು

"ಈ ತಿಂಗ್ಳು ಮುಗಿಯೋದ್ರೊಳ್ಗೆ ಕಡಿಮೆ ಬಡ್ಡಿ ಕ್ರೆಡಿಟ್ ಕಾರ್ಡು ತಂದು, ಈ ಹಳೇ ಕಾರ್ಡಿನ ಸಾಲ ತೀರುಸ್ದೆ ಹೋದ್ರೆ ನನ್ನೆಸ್ರು ಮನೋಹರನೇ ಅಲ್ಲ ಕಣೇ!" ಎಂದು ನಡುಮನೆಯಲ್ಲಿ ನಿಂತು ಘರ್ಜಿಸಿದೆ.

"ಹೊಸ ಹೆಸ್ರು ಈಗ್ಲೇ ಯೋಳ್ಬುಡಿ. ರೇಷನ್ ಕಾರ್ಡ್‌ನಾಗೂ ತಿದ್ದುಸ್ಬೇಕಲ್ಲ" ಎಂದಳು ನನ್ನ ಧರ್ಮಪತ್ನಿ ಲತಾಮಣಿ, ಅವರೆಕಾಯಿ ಸುಲಿಯುತ್ತಲೇ.

ಸಾಲ ಮಾಡಿ ನಾನು ಕೊಂಡದ್ದು ಕಾಲು ಒತ್ತುವ ಯಂತ್ರ. ಅದು ಹನ್ನೊಂದು ದಿನ ನನ್ನ ಕಾಲು ಒತ್ತಿ ಕಣ್ಣುಮುಚ್ಚಿತು. ಬ್ಯಾಂಕು ಮಾತ್ರ ಒಂದೂವರೆ ವರ್ಷದಿಂದ ನನ್ನ ಕುತ್ತಿಗೆ ಹಿಸುಕುತ್ತಿದೆ. ನೂರಕ್ಕೆ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ! ಮೂರು ಕಂತು ಕಟ್ಟಿ ಮರೆತೆ, ಅಷ್ಟೇ. ಮೂವತ್ತು ಸಾವಿರ ಐವತ್ತೆರಡಾಯಿತು. ಇದು ತೀರದಿದ್ದರೆ ಲತಾಮಣಿಯ ಅವಲಕ್ಕಿ ಸರ ಗಿರವಿ ಅಂಗಡಿಗೆ. ಮುಂದಿನ ತಿಂಗಳೇ ಅವಳ ತಂಗಿ ಮಗಳ ಮದುವೆ!

ನಾಲ್ಕು ಅಂಗಡಿ ವಿಚಾರಿಸದೆ ಸೌತೆಕಾಯಿಯನ್ನೂ ಕೊಳ್ಳದ ವಂಶ ನಮ್ಮದು. ಚನ್ನಪಟ್ಟಣದ ಬ್ಯಾಂಕಿನಿಂದ ನನ್ನ ದಿಗ್ವಿಜಯ ಆರಂಭವಾಯಿತು. ಅಲ್ಲಿನ ಹುಡುಗಿ ಮಿಸ್ಬಾ ಅರ್ಜಿ ತುಂಬಿಸಿಕೊಂಡು, ಕಂಪ್ಯೂಟರ್ ನೋಡಿ, ಸಾವಿನ ಸುದ್ದಿ ಹೇಳುವವಳಂತೆ ದನಿ ತಗ್ಗಿಸಿದಳು. "ನಿಮ್ಮ ಸಾಲದ ಸ್ಕೋರು ಆರುನೂರ ನಲವತ್ತೊಂದು, ಸರ್. ಕಾರ್ಡ್ ಸಿಗೋದು ಕಷ್ಟ."

ಆರುನೂರ ಇಪ್ಪತ್ತೈದಕ್ಕೆ ಇನ್ನೂರ ಇಪ್ಪತ್ತು ಬಂದು ಎಸ್ಸೆಸ್ಸೆಲ್ಸಿ ದಾಟಿದವನು ನಾನು. ಆರುನೂರು ದಾಟಿಯೂ ಫೇಲಾದದ್ದು ಇದೇ ಮೊದಲು!

ಬಿಡುತ್ತೇನೆಯೇ? ರಾಮನಗರಕ್ಕೆ ಹೋಗಿ ಅರ್ಜಿ ಹಾಕಿದೆ. ಆರುನೂರ ಮೂವತ್ತಮೂರು. ಕನಕಪುರ: ಆರುನೂರ ಇಪ್ಪತ್ನಾಲ್ಕು. ಮಾಗಡಿಯವರು ಬಹಳ ಒಳ್ಳೆಯವರು, ಕೂರಿಸಿ ಕಾಫಿ ಕೊಟ್ಟು ಆರುನೂರ ಹನ್ನೊಂದು ಎಂದರು. ಬಸ್ ಚಾರ್ಜು ಏರುತ್ತಿತ್ತು, ಮಾನ ಇಳಿಯುತ್ತಿತ್ತು.

ಮತ್ತೆ ಮಿಸ್ಬಾಳ ಮುಂದೆ ಕುಸಿದು ಕೂತೆ.

"ಎಷ್ಟ್ ಕಡೆ ಅರ್ಜಿ ಹಾಕಿದ್ರಿ, ಸರ್?"

"ಒಂದು ತಾಲೂಕೂ ಬಿಟ್ಟಿಲ್ಲ ಕಣಮ್ಮ!" ಎಂದೆ ಹೆಮ್ಮೆಯಿಂದ.

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ! ಹಾಕ್ದಂಗೆಲ್ಲಾ ಸ್ಕೋರು ಇಳಿಯುತ್ತೆ, ಸರ್! ಇವ್ರಿಗೆ ದುಡ್ಡಿನ್ ತಾಪತ್ರಯ ಅಂತ ಬ್ಯಾಂಕಿನೋರು ಅಂದ್ಕೋತಾರೆ."

ವಿಚಾರಿಸಿದರೆ ಸೌತೆಕಾಯಿಯ ಬೆಲೆ ಇಳಿಯುತ್ತದೆ. ಇಲ್ಲಿ ಇಳಿದದ್ದು ನನ್ನ ಬೆಲೆ! ಆರು ತಿಂಗಳು ಯಾವ ಬ್ಯಾಂಕಿನ ಬಾಗಿಲನ್ನೂ ತುಳಿಯಬೇಡಿ ಎಂದು ಕೈಮುಗಿದು ಕಳಿಸಿದಳು.

ಸಂಜೆ ಮನೆಗೆ ಬಂದಾಗ ಲತಾಮಣಿ ಸರ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ನನ್ನ ಮುಖ ನೋಡಿದಳು, ಸರ ನೋಡಿದಳು, ಎದ್ದಳು.

"ನಡೀರಿ, ಸಂಘಕ್ಕೆ."

ಹೆಂಗಸರ ಸಂಘದಲ್ಲಿ ನೂರಕ್ಕೆ ಒಂದೇ ರೂಪಾಯಿ ಬಡ್ಡಿ! ಅದೂ ನಮ್ಮ ಮನೆಯಿಂದ ಮೂರನೇ ಬಾಗಿಲು. ಸಾಲ ಲತಾಮಣಿಯ ಹೆಸರಿಗೆ, ಜಾಮೀನಿಗೆ ಇಬ್ಬರು ಸದಸ್ಯೆಯರು. ಅಧ್ಯಕ್ಷೆ ಅಂಕಮ್ಮ ಸಹಿ ಹಾಕಿದರು. ಇನ್ನೊಬ್ಬಳು ಸದಸ್ಯೆ ಸಾಕ್ಷಾತ್ ನನ್ನ ಹೆತ್ತವ್ವ, ಚಿಕ್ಕಲಕ್ಷ್ಮಮ್ಮ. ಗೆದ್ದೆ ಎಂದುಕೊಂಡೆ!

ಅವ್ವ ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಪುಸ್ತಕದ ಹತ್ತಿರ ತಂದು, ಗಾಳಿಯಲ್ಲೇ ನಿಲ್ಲಿಸಿದಳು.

"ಕಂತು ಕಟ್ಟೋರು ಯಾರ್ಲಾ?"

"ನಾನೇ ಕಣವ್ವ!"

ಹೆಬ್ಬೆಟ್ಟು ಸರಕ್ಕನೆ ಹಿಂದೆ ಹೋಯಿತು. ಅವ್ವ ಅದನ್ನು ಗೋಡೆಗೆ ಒರೆಸತೊಡಗಿದಳು. ಇಪ್ಪತ್ತು ಹೆಂಗಸರು ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಅತ್ತೆ," ಎಂದಳು ಲತಾಮಣಿ. "ಇವ್ರ ಸಂಬ್ಳ ಇನ್ಮ್ಯಾಕೆ ನನ್ನ ಕೈಗೆ ಬತ್ತದೆ. ಕಟ್ಟೋಳು ನಾನು."

ಅವ್ವ ಮತ್ತೆ ಮಸಿಗೆ ಅದ್ದಿ ಧಡಾರನೆ ಒತ್ತಿ, ಸೊಸೆಯ ಕಡೆ ತಿರುಗಿದಳು.

"ಕಟ್ಟೋರು ಮನುಸ್ರು ಅಂತ ಮೊದ್ಲೇ ಯೋಳ್ಬಾರ್ದೇನವ್ವ!"