ಬಚ್ಚಲುಮನೆಯ ಮ್ಯಾನೇಜರು

"ರೀ, ಮೇಲ್ಗಡೆ ಮನೆಗೆ ಬಂದಿರೋದು ಯಾರು ಗೊತ್ತಾ? ನಿಮ್ಮ ಮ್ಯಾನೇಜರು!"

ಕಲ್ಲಂಗಡಿ ಬೀಜವನ್ನು ತಟ್ಟೆಗೆ ಉಗಿಯಲು ತುಟಿ ಚೂಪು ಮಾಡಿದ್ದ ಗುಮಾಸ್ತ ಅದನ್ನು ಹಾಗೇ ನುಂಗಿಬಿಟ್ಟ.

"ಯಾವ ಮ್ಯಾನೇಜರು?"

"ನಿಮಗೆಷ್ಟು ಜನ ಮ್ಯಾನೇಜರಿದಾರೆ? ಪಾರ್ಸೆಲ್ ಆಫೀಸಿನೋರು. ಅವರ ಹೆಂಡ್ತಿ ಈಗ ತಾನೆ ಮೆಟ್ಟಿಲ ಹತ್ರ ಸಿಕ್ಕಿದ್ರು. ಸಾಮಾನು ಇಳಿಸ್ತಿದಾರೆ, ಹೋಗಿ ಮಾತಾಡಿಸ್ಕೊಂಡು ಬನ್ನಿ."

ಗುಮಾಸ್ತ ಬನಿಯನ್ನಿನಲ್ಲೇ ಎದ್ದು ಬಾಗಿಲಿಗೆ ಅಗುಳಿ ಜಡಿದು, ಅದಕ್ಕೇ ಒರಗಿ ನಿಂತ.

"ಮಾತಾಡಿಸೋದಾ? ನಂಗೆ ಗಂಟಲು ಹೋಗಿದೆ ಕಣೇ!" ಎಂದು ಪಿಸುಗುಟ್ಟಿದ.

"ಅಯ್ಯೋ! ಯಾವಾಗ?"

"ಸೋಮವಾರ!"

ಹೆಂಡತಿಗೆ ಆಗ ನೆನಪಾಯಿತು. ನೆನಪಾದದ್ದೇ ತಡ, ಸೆರಗು ಬಾಯಿಗೆ ಅಡ್ಡ ಹಿಡಿದು ನಗಲು ಶುರು ಮಾಡಿದಳು.

ವಿಷಯ ಇಷ್ಟೇ. ಗುಮಾಸ್ತ ಹಗಲಲ್ಲಿ ಪಾರ್ಸೆಲ್ ಆಫೀಸಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದ. ಸಂಜೆ ಬಡಾವಣೆಯ ಕ್ಲಬ್ಬಿನಲ್ಲಿ ಜನರನ್ನು ನಗಿಸುತ್ತಿದ್ದ. ನಗಿಸುವುದು ಅಂದರೆ ಅಂಥದ್ದೇನಲ್ಲ. ಹಾಡುವವರ ಮೈಕು ಕೆಟ್ಟಾಗ ಅದು ರಿಪೇರಿಯಾಗುವವರೆಗೆ ಇವನನ್ನು ವೇದಿಕೆಗೆ ತಳ್ಳುತ್ತಿದ್ದರು. ಇವನು ನಾಲ್ಕು ಜನರ ದನಿ ಅಣಕಿಸುವಷ್ಟರಲ್ಲಿ ಮೈಕು ಸರಿಹೋಗಿ, ಇವನನ್ನು ಕೆಳಗಿಳಿಸುತ್ತಿದ್ದರು. ಮೈಕು ಇನ್ನಷ್ಟು ಕೆಡಲಪ್ಪಾ ಎಂದು ಬಯಸಿದ ಕಲಾವಿದ ಇವನೊಬ್ಬನೇ ಇದ್ದಾನು.

ಈ ಬೇಸಿಗೆಯಲ್ಲಿ ಮಾತ್ರ ಕ್ಲಬ್ಬಿನ ಕಾರ್ಯದರ್ಶಿಗೆ ಅದೇನು ಹೊಳೆಯಿತೋ, ಹಾಸ್ಯಸಂಜೆಯಲ್ಲಿ ಇವನಿಗೆ ಭರ್ತಿ ಅರ್ಧ ಗಂಟೆ ಕೊಟ್ಟುಬಿಟ್ಟಿದ್ದ. "ನಗೆಗುಡುಗು" ಎಂದು ಒಂದು ಬಿರುದನ್ನೂ ಕಟ್ಟಿ ಪೋಸ್ಟರ್ ಅಂಟಿಸಿದ್ದ. ನಿಜವಾದ ಹೆಸರು ಹಾಕಬೇಡಿ ಎಂದು ಕಾಲು ಹಿಡಿದವನು ಗುಮಾಸ್ತನೇ. ಯಾಕೆಂದರೆ ಆ ಅರ್ಧ ಗಂಟೆಯೂ ಅವನು ಮಾಡುವುದು ಒಬ್ಬರದೇ ದನಿ, ಮ್ಯಾನೇಜರದು.

ಆ ದನಿ ಕುಂಬಳಕಾಯಿ ಉರುಳಿದ ಹಾಗೆ ಇತ್ತು. ಯಾರು ರಜೆ ಕೇಳಲು ಹೋದರೂ ಮ್ಯಾನೇಜರು ಪೂರ್ತಿ ಕೇಳಿಸಿಕೊಂಡು, "ಅದ್ಸರೀ... ಆದ್ರೇ..." ಎನ್ನುತ್ತಿದ್ದರು. ಆ "ಆದ್ರೆ"ಯನ್ನು ದಾಟಿ ಜೀವಂತ ಆಚೆ ಬಂದ ರಜೆ ಆಫೀಸಿನ ಚರಿತ್ರೆಯಲ್ಲೇ ಇರಲಿಲ್ಲ. ಆದರೆ ಮ್ಯಾನೇಜರಿಗೆ ಕೆಮ್ಮು ನೆಗಡಿ ಎಂದರೆ ಹಾವು ತುಳಿದಷ್ಟು ಹೆದರಿಕೆ. ಅಭ್ಯಾಸಕ್ಕೆ ರಜೆ ಬೇಕಾಗಿ ಸೋಮವಾರ ಗುಮಾಸ್ತ ಆ ಸುಡುಬಿಸಿಲಲ್ಲಿ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಹೋಗಿ, ಸವೆದ ಗರಗಸದ ಹಾಗೆ ಕೊರಕೊರ ಅಂದ. ಮ್ಯಾನೇಜರು ಮೂಗಿಗೆ ಕರ್ಚೀಫು ಒತ್ತಿ, "ಹೋಗು, ಹೋಗು! ವಾರ ಪೂರ್ತಿ ಈ ಕಡೆ ಬರಬೇಡ, ಬಾಯೂ ಬಿಡಬೇಡ" ಎಂದು ಓಡಿಸಿದ್ದರು.

ಕಾರ್ಯಕ್ರಮ ನಾಳೆ ಸಂಜೆ. ಈಗ ನೋಡಿದರೆ ಮ್ಯಾನೇಜರು ತಲೆಯ ಮೇಲೇ ಬಂದು ಕೂತಿದ್ದರು.

"ಅಪ್ಪಾ, ಇನ್ಮೇಲೆ ನೀನು ಮನೇಲಿ ಮಾತಾಡೋ ಹಾಗೇ ಇಲ್ವಾ?" ಬೇಸಿಗೆ ರಜೆಯಲ್ಲಿ ಹೊತ್ತು ಹೋಗದೆ ಒದ್ದಾಡುತ್ತಿದ್ದ ಮಗಳು ಕಣ್ಣರಳಿಸಿ ಕೇಳಿದಳು.

ಗುಮಾಸ್ತ ಇಲ್ಲವೆಂದು ತಲೆಯಾಡಿಸಿದ.

"ಹಾಗಾದ್ರೆ ನಾನು ಮಧ್ಯಾಹ್ನ ಪೂರ್ತಿ ಟೀವಿ ನೋಡ್ತೀನಿ. ಬೇಡ ಅಂದ್ರೆ ಬೇಡ ಅನ್ನು."

ಗುಮಾಸ್ತ ಕಣ್ಣು ಕೆಕ್ಕರಿಸಿದ. ಕಣ್ಣಿಗೆ ದನಿ ಇರುವುದಿಲ್ಲ. ಮಗಳು ಟೀವಿ ಹಾಕಿಯೇ ಬಿಟ್ಟಳು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಅವನು ಲಗುಬಗೆಯಿಂದ ಮಫ್ಲರ್ ಸುತ್ತಿಕೊಂಡ. ಹೆಂಡತಿ ಅಗುಳಿ ತೆಗೆದಳು. ಎದುರುಮನೆಯ ಟೀಚರಮ್ಮ. ನಿವೃತ್ತಿಯಾಗಿ ವರ್ಷಗಳಾದರೂ ಇಡೀ ಬೀದಿಯನ್ನು ತರಗತಿ ಎಂದೇ ತಿಳಿದವರು. ಅವರ ಹಿಂದೆಯೇ ಮೆಟ್ಟಿಲಿಳಿದು ಬಂದದ್ದು ಸಾಕ್ಷಾತ್ ಮ್ಯಾನೇಜರು.

"ಒಂದು ಸುತ್ತಿಗೆ ಇದ್ರೆ ಕೊಡ್ತೀರಾ ಅಮ್ಮಾ..." ಎನ್ನುತ್ತ ಬಂದವರು ಗುಮಾಸ್ತನನ್ನು ಕಂಡು ನಿಂತರು. "ಅರೆ! ನೀನಿರೋದು ಇಲ್ಲೇನಯ್ಯಾ?"

ಗುಮಾಸ್ತ ಎರಡು ಕೈಯಲ್ಲೂ ಕೊರಳು ಹಿಡಿದು, ಸಾಯುವ ಕೊಕ್ಕರೆಯ ಹಾಗೆ ತಲೆ ವಾಲಿಸಿದ.

"ಇನ್ನೂ ವಾಸಿ ಆಗಿಲ್ವಾ?" ಮ್ಯಾನೇಜರು ಎರಡು ಮೆಟ್ಟಿಲು ಹಿಂದಕ್ಕೆ ಹತ್ತಿದರು.

"ಏನು ವಾಸಿ ಆಗ್ಬೇಕು?" ಟೀಚರಮ್ಮ ಕನ್ನಡಕ ಏರಿಸಿದರು. "ನಿನ್ನೆ ಸಂಜೆ ತಾನೆ ಬೀದೀಲಿ ನಿಂತು ಐಸ್‌ಕ್ರೀಮ್ ಗಾಡಿಯೋನ್ನ ಆ ತುದಿಯಿಂದ ಕೂಗಿ ಕರೆದ್ಯಲ್ಲಪ್ಪಾ!"

"ಅದರಿಂದಾನೇ ಟೀಚರಮ್ಮಾ, ಜಾಸ್ತಿ ಆಗೋಯ್ತು," ಎಂದು ಹೆಂಡತಿ ನಡುವೆ ಬಂದಳು. "ಎಷ್ಟು ಹೇಳಿದ್ರೂ ಕೇಳಲ್ಲ. ಕೂಗಿದ್ರು, ಐಸ್‌ಕ್ರೀಮೂ ತಿಂದ್ರು. ಈಗ ಗಾಳಿ ಬಿಟ್ರೆ ಬೇರೇನೂ ಬರ್ತಿಲ್ಲ."

"ಉಪ್ಪುನೀರು ಮುಕ್ಕಳಿಸ್ಬೇಕು. ಈಗ್ಲೇ. ನನ್ನ ಕಣ್ಣೆದುರಿಗೆ."

ಮ್ಯಾನೇಜರು ಮೆಟ್ಟಿಲಿನಿಂದ, ಟೀಚರಮ್ಮ ಹೊಸ್ತಿಲಿನಿಂದ, ಮಗಳು ಟೀವಿಗೂ ಬೆನ್ನು ಮಾಡಿ ನೋಡುತ್ತಿದ್ದಂತೆ ಗುಮಾಸ್ತ ಮೂರು ಲೋಟ ಉಪ್ಪುನೀರು ಮುಕ್ಕಳಿಸಿದ. ಇಷ್ಟು ಶ್ರದ್ಧೆಯಿಂದ ನೋಡುವ ಪ್ರೇಕ್ಷಕರು ಅವನಿಗೆ ಕ್ಲಬ್ಬಿನಲ್ಲಿ ಎಂದೂ ಸಿಕ್ಕಿರಲಿಲ್ಲ.

ಸುತ್ತಿಗೆ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಮ್ಯಾನೇಜರ ಸ್ಕೂಟರ್ ಗುರುಗುಟ್ಟುತ್ತ ಬೀದಿ ತಿರುಗಿತು. ಮನೆ ಬದಲಿಸುವ ದಿನವೂ ತನಗೇ ರಜೆ ಕೊಟ್ಟುಕೊಳ್ಳದ ಮನುಷ್ಯ.

ಗುಮಾಸ್ತ ಮಫ್ಲರ್ ಕಿತ್ತೆಸೆದು ಬಚ್ಚಲುಮನೆಗೆ ಓಡಿದ. ಅರ್ಧ ಗಂಟೆಯ ಪಾಠ ಬಾಯಲ್ಲಿ ಇನ್ನೂ ಕೂತಿರಲಿಲ್ಲ. ಕಿಟಕಿಗಳೆಲ್ಲ ತೆರೆದಿದ್ದ ಮನೆಯಲ್ಲಿ ಗುಟ್ಟಾಗಿ ಮಾತಾಡಲು ಅದೊಂದೇ ಜಾಗ. ಆ ಬಚ್ಚಲಿನ ಗಾಳಿಕಿಂಡಿ ಮೇಲಿನ ಮನೆಗೆ ಕೊಳವೆಯ ಹಾಗೆ ದನಿ ಸಾಗಿಸುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಮೇಲೆ ಎಷ್ಟೋ ತಿಂಗಳಿಂದ ಕೇಳಲು ಕಿವಿಯೇ ಇರಲಿಲ್ಲವಲ್ಲ!

ಕನ್ನಡಿ ಮುಂದೆ ಹೊಟ್ಟೆ ಮುಂದೂಡಿ ನಿಂತು, ಕುಂಬಳಕಾಯಿ ಉರುಳಿಸಿದ.

"ಏನಿದು? ಒಂದು ಟೀ ಬರೋಕೆ ಇಷ್ಟೊತ್ತಾ? ಯಾರೂ ಇಲ್ವಾ ಅಲ್ಲಿ?"

"ಇದೀನಿ ರೀ! ಬಂದೇ!" ಎಂದಿತು ಗಾಳಿಕಿಂಡಿ. "ನೀವು ಯಾವಾಗ ವಾಪಸ್ ಬಂದ್ರಿ?"

ಗುಮಾಸ್ತ ತಲೆಯೆತ್ತಿ ಕಿಂಡಿ ನೋಡಿದ. ಅವನು ಸುಮ್ಮನಿದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರಿನವರು ಮಾತು ಎಸೆದರೆ ಹಿಡಿಯದೆ ಬಿಡುವುದು ವೇದಿಕೆ ಹತ್ತಿದವನಿಂದ ಆಗುವ ಕೆಲಸವಲ್ಲ. ಬಾಯಿ ತಾನಾಗೇ ತೆರೆದುಕೊಂಡಿತು.

"ಈಗ ತಾನೆ."

"ಎಲ್ಲಿದೀರಾ?"

"ಬಚ್ಚಲುಮನೇಲಿ."

"ನಾನೂ ಬಚ್ಚಲುಮನೇಲೇ ಇದೀನಲ್ಲ ರೀ!"

ಗುಮಾಸ್ತ ಗೋಡೆ ಹಿಡಿದುಕೊಂಡ. "ಅದ್ಸರೀ... ಆದ್ರೇ... ಕೆಳಗಡೆ. ಗುಮಾಸ್ತನ ಮನೇದು. ನಮ್ಮನೇಲಿ ನೀರು ಬರ್ತಿರ್ಲಿಲ್ಲ."

"ಓ," ಎಂದರು ಮೇಲಿನವರು. "ಸರಿ, ಬೀರು ಹೊತ್ತೋರು ಕಾಯ್ತಿದಾರೆ. ಎಲ್ಲಿ ಇಡಿಸ್ಲಿ? ಕಿಟಕಿ ಪಕ್ಕ ಇಟ್ರೆ ಚಂದ ಅಂತ ನಂಗೆ. ನೀವು ಬೇಡ ಅಂತೀರ, ಗೊತ್ತು."

ಬೇಗ ಮಾತು ಮುಗಿದರೆ ಸಾಕಾಗಿತ್ತು ಅವನಿಗೆ. "ನಿನ್ನಿಷ್ಟ ಬಂದ ಕಡೆ ಇಡಿಸ್ಕೋ."

ಮೇಲೆ ಬಕೆಟ್ ಕೆಳಗಿಟ್ಟ ಸದ್ದಾಯಿತು. ಆಮೇಲೆ ನಡುಗುವ ದನಿಯಲ್ಲಿ, "ಏನಂದ್ರೀ?"

"ನಿನ್ನಿಷ್ಟ ಅಂದೆ ಕಣೇ."

"ನಿಜವಾಗ್ಲೂ? ಹಾಗಾದ್ರೆ... ನಾಳೆ ಸಂಜೆ ಇಬ್ರೂ ಎಲ್ಲಾದ್ರೂ ಹೊರಗೆ ಹೋಗೋಣ್ವಾ? ಎಷ್ಟು ವರ್ಷ ಆಯ್ತು!"

ಆ ದನಿಯಲ್ಲಿ ಅದೇನಿತ್ತೋ, ಗುಮಾಸ್ತನಿಗೆ ಇಲ್ಲ ಅನ್ನಲಾಗಲಿಲ್ಲ. "ಹೋಗೋಣ. ನೀನೆಲ್ಲಿಗೆ ಅಂದ್ರೆ ಅಲ್ಲಿಗೆ. ಈಗ ನಾನು ಆಫೀಸಿಗೆ ಹೊರಟೆ," ಎಂದು ನಲ್ಲಿಯನ್ನು ಜೋರಾಗಿ ತಿರುಗಿಸಿ ಹೊರಗೆ ಜಿಗಿದ. ಹೊರಗೆ ಹೆಂಡತಿ ಮೊರ ಹಿಡಿದು ನಿಂತಿದ್ದಳು.

"ನಂಗೆ ಯಾವತ್ತಾದ್ರೂ 'ನಿನ್ನಿಷ್ಟ' ಅಂದಿದೀರಾ?" ಎಂದಳು. ಅಷ್ಟೇ.

ಸಂಜೆ ಸ್ಕೂಟರ್ ವಾಪಸ್ಸಾಯಿತು. ಕೊಂಚ ಹೊತ್ತಿಗೆಲ್ಲ ಮೇಲಿಂದ ಗುಡುಗು.

"ನಾನ್ಯಾವಾಗ ಬಂದಿದ್ದೆ? ಆಫೀಸಿಗೆ ಹೋದೋನು ಕುರ್ಚಿ ಬಿಟ್ಟು ಎದ್ದಿಲ್ಲ!"

"ಬಂದಿದ್ರಿ! ಕೆಳಗಡೆ ಬಚ್ಚಲಲ್ಲಿದ್ರಿ!"

"ನಾನು ಯಾಕೆ ಕೆಳಗಡೆ ಬಚ್ಚಲಿಗೆ ಹೋಗ್ಲಿ?"

ಟೀಚರಮ್ಮ ತಮ್ಮ ಬಾಲ್ಕನಿಯಿಂದಲೇ ತೀರ್ಪು ಕೊಟ್ಟರು. "ಮರೆವು. ಹೀಗೇ ಶುರುವಾಗೋದು. ಮೊದ್ಲು ಹೇಳಿದ್ದು ಮರೆಯುತ್ತೆ, ಆಮೇಲೆ ಹೆಂಡ್ತೀನೇ ಮರೆತುಹೋಗ್ತಾಳೆ. ನಾಳೆನೇ ಡಾಕ್ಟ್ರಿಗೆ ತೋರಿಸಿ."

ಆಮೇಲೆ ಮೇಲೆ ಸದ್ದಡಗಿತು. ಆ ಮೌನ ಗುಮಾಸ್ತನಿಗೆ ಗುಡುಗಿಗಿಂತ ಭಯಂಕರವಾಗಿ ಕೇಳಿಸಿತು. ಕೆಲಸ ಹೋಯಿತು, ಮರ್ಯಾದೆ ಹೋಯಿತು, ನಾಳೆಯ ಅರ್ಧ ಗಂಟೆಯೂ ಹೋಯಿತು ಎಂದುಕೊಳ್ಳುತ್ತ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಮುಖವೆಲ್ಲ ಸೋಪಿನ ನೊರೆ. ಆಗ ಗಾಳಿಕಿಂಡಿಯಿಂದ ಸಣ್ಣ ದನಿಯೊಂದು ಇಳಿದು ಬಂತು.

"ಏನೂಂದ್ರೆ... ಮಂಚ ಎಲ್ಲಿ ಇಡಿಸ್ಲಿ?"

ಕಣ್ಣಿಗೆ ಸೋಪು ಹೋಗಿತ್ತು. ಬುದ್ಧಿಗೂ ಹೋಗಿತ್ತೆಂದು ಕಾಣುತ್ತದೆ. "ನಿನ್ನಿಷ್ಟ ಕಣೇ," ಎಂದು ಕುಂಬಳಕಾಯಿ ಉರುಳಿಸಿಯೇಬಿಟ್ಟ. ಉರುಳಿಸಿದ ಮೇಲೆ ಹೊಳೆಯಿತು. ಹೆಂಗಸಿನ ದನಿ ಇಷ್ಟು ಗೊಗ್ಗರಾಗಿರುವುದಿಲ್ಲ. ಯಾರೋ ತೀರಾ ಕೆಟ್ಟದಾಗಿ ಅಣಕಿಸುತ್ತಿದ್ದಾರೆ.

"ಹಾಗೋ ಸಮಾಚಾರ!" ಎಂದಿತು ಕಿಂಡಿ, ಈ ಸಲ ಅಸಲಿ ದನಿಯಲ್ಲಿ.

ಹೆಂಡತಿ ಬಾಗಿಲು ತೆರೆಯುವ ಹೊತ್ತಿಗೆ ಮ್ಯಾನೇಜರು ಹೊಸ್ತಿಲಲ್ಲಿದ್ದರು. ಒಳಗೆ ಬಂದು, ಕುರ್ಚಿ ಎಳೆದು ಕೂತು, ಬಾಗಿಲು ಹಾಕುವಂತೆ ಮಗಳಿಗೆ ಸನ್ನೆ ಮಾಡಿದರು. ಗುಮಾಸ್ತ ಕಿವಿಯ ಹತ್ತಿರ ನೊರೆ ಇಟ್ಟುಕೊಂಡೇ ಕೈಕಟ್ಟಿ ನಿಂತ.

"ಎಲ್ಲಿ, ಇನ್ನೊಂದ್ಸಲ ಮಾತಾಡು."

"ಸಾರ್, ತಪ್ಪಾಯ್ತು ಸಾರ್..."

"ನಿನ್ನ ಥರ ಅಲ್ಲಯ್ಯಾ. ನನ್ನ ಥರ."

ಗುಮಾಸ್ತ ಹೊಟ್ಟೆ ಮುಂದೂಡಿ, "ಅದ್ಸರೀ... ಆದ್ರೇ..." ಎಂದ. ಮ್ಯಾನೇಜರು ಕಣ್ಣು ಮುಚ್ಚಿ ಆಲಿಸಿದರು.

"ನಾನು ಹೀಗೆ ಮಾತಾಡ್ತೀನಾ? ಪರವಾಗಿಲ್ವೇ, ಗಂಭೀರವಾಗೇ ಇದೆ!" ಎಂದು ಮೀಸೆ ಸವರಿಕೊಂಡರು. ಆಮೇಲೆ ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. "ನೋಡು, ನಾನು ಬೈಯೋಕೆ ಬಂದಿಲ್ಲ. ಅಲ್ಲಿ ಮೇಲೆ ನನ್ನ ಹೆಂಡ್ತಿ ಹಾಡು ಗುನುಗ್ತಾ ಬೀರು ಒರೆಸ್ತಿದಾಳೆ. 'ನಿನ್ನಿಷ್ಟ ಅಂದ್ರಲ್ಲ, ನಿನ್ನಿಷ್ಟ ಅಂದ್ರಲ್ಲ' ಅಂತ ಒಂದೇ ಸಮ. ಮದುವೆ ಆದಾಗಿಂದ ಇಷ್ಟು ಖುಷಿಯಾಗಿ ನೋಡಿರ್ಲಿಲ್ಲ ಕಣಯ್ಯಾ. ಅದು ನಾನಲ್ಲ, ಕೆಳಗಿನ ಮನೆಯೋನು ಅಂತ ಗೊತ್ತಾದ್ರೆ ನನ್ನ ಗತಿ ಏನು? ಅದಕ್ಕೇ, ಹೌದು, ಬಂದಿದ್ದೆ, ಮರ್ತಿದ್ದೆ ಅಂತ ಒಪ್ಕೊಂಡ್‌ಬಿಟ್ಟೆ."

ಗುಮಾಸ್ತ ಬಿಟ್ಟ ಉಸಿರಿಗೆ ಕಿವಿಯ ನೊರೆ ಹಾರಿಹೋಗಬೇಕಿತ್ತು. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಆನೆ ಎದ್ದು ಹೋದಂತಾಯಿತು. ಹೆಂಡತಿ ಓಡಿಹೋಗಿ ಟೀಗೆ ನೀರಿಟ್ಟಳು.

"ಹಾಗಾದ್ರೆ ಕೆಲಸ...?"

"ಕೆಲಸ ಎಲ್ಲೂ ಹೋಗಲ್ಲ. ಇನ್ನೂ ಒಂದು ಜಾಸ್ತಿ ಕೊಡೋಕೆ ಬಂದಿದೀನಿ. ಹೊರಗೆ ಕರ್ಕೊಂಡು ಹೋಗ್ತೀನಿ ಅಂತ ಬೇರೆ ಮಾತು ಕೊಟ್ಟಿದೀಯಂತಲ್ಲ? ನಾಳೆ ಸಂಜೆ ಹೆಡ್ಡಾಫೀಸಿನೋರು ಫೋನಲ್ಲಿ ಮೀಟಿಂಗ್ ಇಟ್ಕೊಂಡಿದಾರೆ. ನೀನು ಬಂದು ನನ್ನ ರೂಮಲ್ಲಿ ಕೂತು, ನನ್ನ ದನೀಲಿ ಮಾತಾಡ್ಬಿಡು."

"ನಾನಾ? ಏನು ಮಾತಾಡ್ಲಿ ಸಾರ್?"

"ಮಾತೇನಿದೆ? ಅವರು ಬೈತಾರೆ. 'ನೋಡ್ತೀನಿ ಸಾರ್, ಮಾಡಿಸ್ತೀನಿ ಸಾರ್' ಅಂತಿರು. ಒಂದು ಗಂಟೆ ಬೈಸ್ಕೊಂಡ್ರೆ ಮುಗೀತು."

ಕೆಲಸ ಉಳಿದ ಖುಷಿಯಲ್ಲಿ ಗುಮಾಸ್ತ ಹತ್ತು ಗಂಟೆ ಬೈಸಿಕೊಳ್ಳಲೂ ತಯಾರಿದ್ದ. "ಆಗ್ಲಿ ಸಾರ್! ಎಷ್ಟು ಗಂಟೆಗೆ?"

"ಐದಕ್ಕೆ."

ಗುಮಾಸ್ತನ ನಗು ಅರ್ಧಕ್ಕೇ ನಿಂತಿತು. ನಾಳೆ ಐದಕ್ಕೆ ಕ್ಲಬ್ಬಿನಲ್ಲಿ ಪರದೆ ಸರಿಯುವುದು ಅವನಿಗಾಗಿ.

"ಸಾರ್, ಐದಕ್ಕೆ ಅಂದ್ರೆ ಸ್ವಲ್ಪ... ಬೇರೆ ಹೊತ್ತಿಗೆ... ಅಲ್ಲ, ನೀವು ಎಲ್ಲಿಗೆ ಹೋಗ್ತಿರೋದು?"

ಮ್ಯಾನೇಜರು ಜೇಬಿನಿಂದ ಎರಡು ಪಾಸು ತೆಗೆದು ಬೀಸಣಿಗೆಯ ಹಾಗೆ ಬಿಚ್ಚಿದರು. "ಎದುರುಮನೆ ಟೀಚರಮ್ಮ ನನ್ನ ಹೆಂಡ್ತಿಗೆ ಕೊಟ್ಟಿದಾರೆ. ಹಾಸ್ಯಸಂಜೆಯಂತೆ. ಮೊದಲನೇ ಸಾಲು! ಯಾರೋ 'ನಗೆಗುಡುಗು' ಅಂತ ಬರ್ತಾನಂತೆ. ಅವನನ್ನೇ ನೋಡ್ಬೇಕಂತೆ ಇವಳು. ಅವನ್ಯಾರು ಅಂದ್ರೆ ಟೀಚರಮ್ಮ ಬಾಯೇ ಬಿಡಲ್ಲ. 'ಹೋಗಿ ನೋಡಿ, ನಿಮಗೇ ಆಶ್ಚರ್ಯ ಆಗುತ್ತೆ' ಅಂತಾರೆ. ನೀನು ನೋಡಿದೀಯಾ? ಚೆನ್ನಾಗಿ ಮಾಡ್ತಾನಾ?"

ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಮೊದಲನೇ ಸಾಲಿನಲ್ಲಿ ಮ್ಯಾನೇಜರನ್ನು ಕೂರಿಸಿಕೊಂಡು ಅರ್ಧ ಗಂಟೆ ಮ್ಯಾನೇಜರನ್ನೇ ಅಣಕಿಸುವ ದೃಶ್ಯ ಗುಮಾಸ್ತನ ಕಣ್ಣಿಗೆ ಕಟ್ಟಿತು. ಅದು ತಪ್ಪಿತಲ್ಲ ಎಂದು ಹಾಯೆನಿಸಿದ ಗಳಿಗೆಯಲ್ಲೇ, ಎಷ್ಟೋ ವರ್ಷ ಕಾದು ಸಿಕ್ಕ ಅರ್ಧ ಗಂಟೆ ಅದರ ಜೊತೆಗೇ ಕೈತಪ್ಪಿದ್ದು ಕಾಣಿಸಿತು. ನಗಬೇಕೋ ಅಳಬೇಕೋ ತಿಳಿಯದೆ, "ಮಾಡ್ತಾನೆ ಸಾರ್, ತುಂಬಾ ಚೆನ್ನಾಗಿ ಮಾಡ್ತಾನೆ," ಎಂದ.

"ಆದ್ರೆ ನಾಳೆ ಬರೋದು ಡೌಟು ಅಂಕಲ್," ಎಂದಳು ಮಗಳು.

"ಬರ್ದೆ ಏನು ಪುಟ್ಟಿ, ಬೀದಿ ತುಂಬಾ ಪೋಸ್ಟರ್ ಇದೆ!" ಮ್ಯಾನೇಜರು ನಗುತ್ತ ಎದ್ದು, ಗುಮಾಸ್ತನ ಬೆನ್ನು ತಟ್ಟಿ, ಬಾಗಿಲ ಹತ್ತಿರ ತಿರುಗಿ ನಿಂತರು. "ಸರಿಯಪ್ಪಾ, ನಾಳೆ ಐದಕ್ಕೆ ಆಫೀಸಲ್ಲಿ. ಹೆಡ್ಡಾಫೀಸಿನೋರು ಬೈಯೋಕೆ ಯಾವತ್ತೂ ಲೇಟ್ ಮಾಡಲ್ಲ, ಸ್ವಲ್ಪ ಮುಂಚೆನೇ ಬಂದ್ಬಿಡು."